ಗಲ್ಫ್ ಮೆಡಿಕಲ್‌ಗೆ ಮೊದಲು ನಿಮ್ಮದೇ ಒಂದು ಮೆಡಿಕಲ್

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೊರಡುವವರ ತಯಾರಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಮೊದಲು ಇಂಟರ್‌ವ್ಯೂ, ಆಮೇಲೆ ಏಜೆಂಟರಿಗೆ ಅಡ್ವಾನ್ಸ್, ಇಲ್ಲಿನ ಕೆಲಸಕ್ಕೆ ರಾಜೀನಾಮೆ, ಎಲ್ಲ ಮುಗಿದ ಮೇಲೆ ಮೆಡಿಕಲ್, ಅಂದರೆ ವೀಸಾಗೆ ಬೇಕಾದ ಆರೋಗ್ಯ ತಪಾಸಣೆ. ಇದು ಪೂರ್ತಿ ತಲೆಕೆಳಗು. ಮೆಡಿಕಲ್‌ನಲ್ಲಿ ಸಿಕ್ಕಿಬೀಳುವ ಕಾಯಿಲೆಗಳಲ್ಲಿ ಕೆಲವಕ್ಕೆ ಒಂದೇ ದಿನದ ಇಂಜೆಕ್ಷನ್ ಸಾಕು, ಆದರೆ ರಕ್ತದ ವರದಿ ಇಳಿಯಲು ತಿಂಗಳುಗಟ್ಟಲೆ ಬೇಕು. ಕೆಲವು ಗುಣವಾದರೂ ವರದಿಯಲ್ಲಿ ಜೀವನಪೂರ್ತಿ ಉಳಿಯುತ್ತವೆ. ಇನ್ನು ಕೆಲವು ಕಾಯಿಲೆಯೇ ಅಲ್ಲ, ಕೆಲವು ವಾರ ತಡೆದು ರಕ್ತ ಕೊಟ್ಟರೆ ಮಾಯ. ಯಾವುದು ಯಾವುದೆಂದು ಮೆಡಿಕಲ್‌ನ ಅಪಾಯಿಂಟ್‌ಮೆಂಟ್ ಸ್ಲಿಪ್ ತೆಗೆಯುವ ಮೊದಲೇ ತಿಳಿದಿರಬೇಕು.

ಹಾಗಾಗಿ ಏಜೆಂಟರಿಗೆ ದುಡ್ಡು ಕೊಡುವ ಮುಂಚೆ, ಸಾಧ್ಯವಾದರೆ ಹೊರಡುವ ಅಂದಾಜು ತಾರೀಖಿಗೆ ಆರು ತಿಂಗಳು ಮೊದಲು, ನಿಮ್ಮ ಲೆಕ್ಕಕ್ಕೆ ಇಷ್ಟು ಮಾಡಿಸಿ: ಹೆಚ್‌ಐವಿ, ಹೆಪಟೈಟಿಸ್ ಬಿ ಗೆ ಹೆಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿ ಗೆ ಆ್ಯಂಟಿ ಹೆಚ್‌ಸಿವಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ಗೆ ವಿಡಿಆರ್‌ಎಲ್ ಮತ್ತು ಟಿಪಿಹೆಚ್‌ಎ ಎರಡೂ, ಎದೆಯ ಎಕ್ಸ್‌ರೇ, ಮೂತ್ರ, ಸಕ್ಕರೆ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ. ಹೆಚ್‌ಐವಿ ಪರೀಕ್ಷೆ ಸರ್ಕಾರಿ ಆಪ್ತಸಮಾಲೋಚನಾ ಕೇಂದ್ರದಲ್ಲಿ, ಅಂದರೆ ಐಸಿಟಿಸಿಯಲ್ಲಿ, ಉಚಿತ. ಮಂಗಳೂರಿನ ವೆನ್ಲಾಕ್‌ನಲ್ಲೂ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೂ ಈ ಕೇಂದ್ರವಿದೆ. ಖಾಸಗಿ ಲ್ಯಾಬಿಗೆ ಹೋದರೆ ವಿಡಿಆರ್‌ಎಲ್‌ಗೆ ಬರೀ 'ರಿಯಾಕ್ಟಿವ್', 'ನಾನ್ ರಿಯಾಕ್ಟಿವ್' ಎಂದು ಬರೆಸಿಕೊಂಡು ಬರಬೇಡಿ. ಪಾಸಿಟಿವ್ ಬಂದರೆ ಟೈಟರ್ (ರಕ್ತದ ಮಾದರಿಯನ್ನು ಎಷ್ಟು ಪಟ್ಟು ತೆಳುಗೊಳಿಸಿದರೂ ಪಾಸಿಟಿವ್ ಎಂದು ತೋರಿಸುವ 1:8, 1:32 ರೀತಿಯ ಅಂಕಿ) ಎಷ್ಟೆಂದೂ ಬರೆಯಲು ಹೇಳಿ. ಆ ಅಂಕಿ ಇಲ್ಲದಿದ್ದರೆ ಮುಂದೆ ಚಿಕಿತ್ಸೆ ಫಲಿಸಿತೋ ಇಲ್ಲವೋ ಅಳೆಯಲು ಆಗುವುದಿಲ್ಲ.

ಸ್ಲಿಪ್ ಬಗ್ಗೆ ಸಣ್ಣ ಮಾತು. ಹಿಂದೆ ಎಲ್ಲರೂ ಗಾಮ್ಕಾ ಎನ್ನುತ್ತಿದ್ದ ವ್ಯವಸ್ಥೆಗೆ ಈಗ ವಾಫಿದ್ ಎಂದು ಹೆಸರು. ಇದು ಗಲ್ಫ್ ಹೆಲ್ತ್ ಕೌನ್ಸಿಲ್‌ನದು. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ, ಸ್ಲಿಪ್ಪಿಗೆ 10 ಡಾಲರ್; ಮೆಡಿಕಲ್‌ನ ಫೀಸು ಕೇಂದ್ರದಲ್ಲಿ ಬೇರೆ. ಸಾಮಾನ್ಯ ಸ್ಲಿಪ್‌ನಲ್ಲಿ ಯಾವ ಕೇಂದ್ರ ಎಂಬುದನ್ನು ವೆಬ್‌ಸೈಟೇ ಹಂಚುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ ಹಾಕಿ. ಅದೇ ಹೆಸರಿನ ನಕಲಿ ವೆಬ್‌ಸೈಟುಗಳು ಇವೆ, ಮೂರು ಪಟ್ಟು ಕೇಳುತ್ತವೆ. ಫಿಟ್ ವರದಿಗೆ ಅವಧಿ ಇರುತ್ತದೆ, ಅದರೊಳಗೆ ವೀಸಾ ಸ್ಟಾಂಪಿಂಗ್ ಆಗಬೇಕು. ಅನ್‌ಫಿಟ್ ಎಂದು ಒಮ್ಮೆ ಏರಿತೆಂದರೆ ಅದು ಸೌದಿಗೆ ಮಾತ್ರ ಕಾಣುವ ವರದಿಯಲ್ಲ. ಜಾಲ ಒಂದೇ ಆದ್ದರಿಂದ ಕುವೈತ್‌ಗೂ ಒಮಾನ್‌ಗೂ ಕಾಣುತ್ತದೆ. ನಮ್ಮದೇ ಪರೀಕ್ಷೆ ಮೊದಲು ಎನ್ನುವುದಕ್ಕೆ ದೊಡ್ಡ ಕಾರಣ ಇದು: ಊರಿನ ಲ್ಯಾಬಿನ ವರದಿ ನಿಮ್ಮ ಕೈಯಲ್ಲಿ ಇರುತ್ತದೆ, ಕೇಂದ್ರದ ವರದಿ ಇರುವುದಿಲ್ಲ.

ಕತಾರ್‌ಗೆ ದಾರಿಯೇ ಬೇರೆ. ಕೆಲಸದ ವೀಸಾದ ಮೆಡಿಕಲ್, ಬೆರಳಚ್ಚು, ಕರಾರಿನ ಸಹಿ ಎಲ್ಲ ಕತಾರ್ ವೀಸಾ ಸೆಂಟರ್‌ನಲ್ಲಿ. ನಮಗೆ ಹತ್ತಿರದ್ದು ಕೊಚ್ಚಿ.

ಸಿಫಿಲಿಸ್: ಎರಡು ಪರೀಕ್ಷೆ, ಎರಡು ಅರ್ಥ

ಅತಿ ಹೆಚ್ಚು ಗೊಂದಲ ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು.

ವಿಡಿಆರ್‌ಎಲ್ ಪರೀಕ್ಷೆ ಸಿಫಿಲಿಸ್ ರೋಗಾಣುವನ್ನು ಹುಡುಕುವುದೇ ಇಲ್ಲ. ಜೀವಕೋಶಗಳು ಹಾಳಾದಾಗ ಹೊರಬರುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ದೇಹ ಮಾಡುವ ಪ್ರತಿಕಾಯವನ್ನು ಅದು ಹಿಡಿಯುತ್ತದೆ. ಆದ್ದರಿಂದ ಸಿಫಿಲಿಸ್ ಇಲ್ಲದಿದ್ದರೂ ಅದು ಪಾಸಿಟಿವ್ ಬರಬಹುದು: ಗರ್ಭಿಣಿಯರಲ್ಲಿ, ಲೂಪಸ್‌ನಂಥ ಕಾಯಿಲೆಯಲ್ಲಿ, ಕುಷ್ಠದಲ್ಲಿ, ಮಲೇರಿಯಾದಲ್ಲಿ. ಮಲೇರಿಯಾ ಎಂಬುದು ಮಂಗಳೂರಿಗೆ ಹೊಸತಲ್ಲ. ಮಳೆಗಾಲದಲ್ಲಿ ಚಳಿಜ್ವರ ಬಂದು ಮಾತ್ರೆ ತಿಂದು ಎದ್ದವರು ಎರಡೇ ವಾರದಲ್ಲಿ ಮೆಡಿಕಲ್‌ಗೆ ಹೋದರೆ ವಿಡಿಆರ್‌ಎಲ್ ಸುಳ್ಳು ಪಾಸಿಟಿವ್ ತೋರಿಸುವ ಸಾಧ್ಯತೆ ಇದೆ, ರಕ್ತದ ಲೇಪನದಲ್ಲಿ ಮಲೇರಿಯಾ ರೋಗಾಣುವೇ ಸಿಕ್ಕರೂ ಅನ್‌ಫಿಟ್. ಇಂಥ ಸುಳ್ಳು ಪಾಸಿಟಿವ್‌ನಲ್ಲಿ ಟೈಟರ್ ಸಾಮಾನ್ಯವಾಗಿ ಕಡಿಮೆ, 1:8 ಅಥವಾ ಅದಕ್ಕೂ ಕೆಳಗೆ, ಮತ್ತು ಟಿಪಿಹೆಚ್‌ಎ ನೆಗೆಟಿವ್ ಇರುತ್ತದೆ. ಆಗ ಬೇಕಾದ್ದು ಪೆನಿಸಿಲಿನ್ ಅಲ್ಲ; ಕೆಲವು ವಾರ ಬಿಟ್ಟು ಇನ್ನೊಂದು ಪರೀಕ್ಷೆ.

ಟಿಪಿಹೆಚ್‌ಎ ಹುಡುಕುವುದು ಸಿಫಿಲಿಸ್ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ. ಎರಡೂ ಪಾಸಿಟಿವ್ ಎಂದರೆ ಈಗ ಇದೆ, ಇಲ್ಲವೇ ಮೊದಲು ಬಂದು ಹೋಗಿದೆ. ವ್ಯತ್ಯಾಸ ಹೇಳುವುದು ಟೈಟರ್ ಮತ್ತು ಹಳೆಯ ಚಿಕಿತ್ಸೆಯ ಕಾಗದ.

ಮದ್ದು ಹಳೆಯದೇ. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸೊಂಟದ ಸ್ನಾಯುವಿಗೆ; ಸಾಮಾನ್ಯವಾಗಿ 12 ಲಕ್ಷದ ಎರಡು ಭಾಗ ಮಾಡಿ ಎರಡು ಕಡೆಗೆ ಕೊಡುತ್ತಾರೆ. ಸೋಂಕು ತಗುಲಿ ಒಂದು ವರ್ಷದೊಳಗಿನದ್ದಾದರೆ ಒಂದೇ ಸಲ. ಅದಕ್ಕಿಂತ ಹಳೆಯದು, ಅಥವಾ ಯಾವಾಗ ಬಂತೆಂದೇ ಗೊತ್ತಿಲ್ಲ ಎಂದಾದರೆ ವಾರಕ್ಕೊಂದರಂತೆ ಮೂರು ವಾರ. ಇದು ದಪ್ಪ ಹಾಲಿನಂಥ ಮದ್ದು, ಕಲಸಿ ತಡಮಾಡಿದರೆ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ರಕ್ತನಾಳಕ್ಕೆ ಹೋದರೆ ಅಪಾಯ. ಮನೆಯಲ್ಲಿ ಯಾರಿಂದಲೋ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಅಲ್ಲ. ಅಲರ್ಜಿ ಪರೀಕ್ಷೆ ಮಾಡಿ, ಕೊಟ್ಟ ಮೇಲೂ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸಬೇಕು. ಆ ದಿನ ರಾತ್ರಿ ಜ್ವರ, ಚಳಿ, ಮೈಕೈ ನೋವು ಬಂದರೆ ಗಾಬರಿ ಬೇಡ. ರೋಗಾಣು ಒಮ್ಮೆಗೇ ಸಾಯುವುದರಿಂದ ಬರುವ ಪ್ರತಿಕ್ರಿಯೆ ಅದು, 24 ಗಂಟೆಯೊಳಗೆ ಇಳಿಯುತ್ತದೆ; ಪ್ಯಾರಾಸಿಟಮಾಲ್ ಸಾಕು. ಮೈತುಂಬ ತುರಿಕೆ, ಉಬ್ಬಸ, ಮುಖ ಊದುವುದು ಬೇರೆ ವಿಷಯ. ಅದು ಅಲರ್ಜಿ, ಕೂಡಲೇ ತುರ್ತು ವಿಭಾಗಕ್ಕೆ. ಪೆನಿಸಿಲಿನ್ ಒಗ್ಗದವರಿಗೆ, ಗರ್ಭಿಣಿ ಅಲ್ಲದಿದ್ದರೆ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು, 14 ದಿನ. ಹಳೆಯ ಸೋಂಕಿಗೆ 28 ದಿನ.

ಇನ್ನು ಲೆಕ್ಕಾಚಾರ. ಗುಣವಾಯಿತು ಎನ್ನಲು ಟೈಟರ್ ಎರಡು ಮೆಟ್ಟಿಲು ಇಳಿಯಬೇಕು. 1:32 ಇದ್ದದ್ದು 1:16 ಆದರೆ ಸಾಲದು, ಯಂತ್ರ ಮತ್ತು ಕಣ್ಣಿನ ವ್ಯತ್ಯಾಸಕ್ಕೇ ಅಷ್ಟು ಆಗಬಹುದು, 1:8 ಆಗಬೇಕು. ಅದಕ್ಕೆ ಆರರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. 3, 6, 12ನೇ ತಿಂಗಳಿಗೆ ಪರೀಕ್ಷೆ, ಅದೂ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ. ಒಮ್ಮೆ ವಿಡಿಆರ್‌ಎಲ್, ಇನ್ನೊಮ್ಮೆ ಅದೇ ಜಾತಿಯ ಆರ್‌ಪಿಆರ್ ಪರೀಕ್ಷೆ ಮಾಡಿಸಿ ಎರಡನ್ನೂ ಹೋಲಿಸಿದರೆ ಸಂಖ್ಯೆ ಹೊಂದುವುದಿಲ್ಲ. ಕೆಲವರಲ್ಲಿ 1:1, 1:2 ಎಂದು ವರ್ಷಗಟ್ಟಲೆ ಹಾಗೇ ನಿಲ್ಲುವುದೂ ಉಂಟು. ಟಿಪಿಹೆಚ್‌ಎ ಮಾತ್ರ ಬಹುಪಾಲು ಜನರಲ್ಲಿ ಸಾಯುವತನಕ ಪಾಸಿಟಿವ್. 'ಗುಣವಾಗಿದೆ, ಆದರೂ ಟಿಪಿಹೆಚ್‌ಎ ಹೋಗಿಲ್ಲ, ಇನ್ನೊಂದು ಡೋಸ್ ಕೊಡಿ' ಎಂದು ಕೇಳಿಕೊಂಡು ಬರುವವರಿಗೆ ಕೊಡಬೇಕಾದ್ದು ಇಂಜೆಕ್ಷನ್ ಅಲ್ಲ, ಈ ವಿವರಣೆ.

ಗಲ್ಫ್ ನಿಯಮ ಇಲ್ಲಿ ಕಟುವಾಗಿದೆ. ಈ ಪರೀಕ್ಷೆಗಳು ಪಾಸಿಟಿವ್ ಎಂದರೆ ಅನ್‌ಫಿಟ್ ಪಟ್ಟಿಗೆ ಸೇರುತ್ತದೆ; ಹಳೆಯದು, ಚಿಕಿತ್ಸೆಯಾಗಿದೆ ಎಂಬ ವಾದ ಎಲ್ಲ ಕಡೆ ನಡೆಯುವುದಿಲ್ಲ. ಆದರೂ ಚಿಕಿತ್ಸೆಯ ಫೈಲ್ ಕಟ್ಟಿಡಿ: ಇಂಜೆಕ್ಷನ್ ಕೊಟ್ಟ ತಾರೀಖು, ಪ್ರಮಾಣ, ಡಾಕ್ಟರರ ಸೀಲು, ಪ್ರತಿ ಸಲದ ಟೈಟರ್. ಬೇರೆ ದೇಶಕ್ಕೆ ಹೋಗುವುದಾದರೆ ಅದೇ ಫೈಲ್ ನಿಮ್ಮನ್ನು ದಾಟಿಸುತ್ತದೆ, ಕೆಳಗೆ ಹೇಳುತ್ತೇವೆ.

ಹೆಪಟೈಟಿಸ್ ಬಿ: ಲಸಿಕೆ ಹಾಕಿಸಿಕೊಂಡು ನೇರ ಮೆಡಿಕಲ್‌ಗೆ ಹೋಗಬೇಡಿ

ಲಸಿಕೆಯಲ್ಲಿ ಇರುವುದು ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಪ್ರೋಟೀನ್. ಪರೀಕ್ಷೆ ಹುಡುಕುವುದೂ ಅದನ್ನೇ. ಲಸಿಕೆ ಹಾಕಿಸಿದ ಮೇಲೆ 18 ದಿನದವರೆಗೂ ಅದು ರಕ್ತದಲ್ಲಿ ಕಾಣಿಸಿಕೊಳ್ಳಬಹುದು, ಆರೋಗ್ಯವಂತನೂ ಪಾಸಿಟಿವ್ ಎನ್ನಿಸಿಕೊಳ್ಳಬಹುದು. 'ಹೊರಗೆ ಹೋಗುವವ, ಲಸಿಕೆ ಹಾಕಿಸಿಬಿಡೋಣ' ಎಂದು ಮೆಡಿಕಲ್‌ಗೆ ಮೂರು ದಿನ ಇರುವಾಗ ಹಾಕಿಸಿಕೊಳ್ಳುವುದು ಒಳ್ಳೆಯ ಕೆಲಸವನ್ನು ಕೆಟ್ಟ ದಿನ ಮಾಡಿದಂತೆ. ಒಂದು ತಿಂಗಳ ಅಂತರ ಇಟ್ಟುಕೊಳ್ಳಿ.

ಕ್ರಮವಾದ ವೇಳಾಪಟ್ಟಿ 0, 1, 6 ತಿಂಗಳು. ಬೇಗ ಹೊರಡಬೇಕಾದವರಿಗೆ 0, 7, 21ನೇ ದಿನ ಮತ್ತು ಒಂದು ವರ್ಷದ ಬಳಿಕ ನಾಲ್ಕನೆಯದು ಎಂಬ ತ್ವರಿತ ಕ್ರಮವೂ ಇದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ ಹೆಚ್‌ಬಿಎಸ್ ಪರೀಕ್ಷೆಯಲ್ಲಿ 10ಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿದೆ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಇದು ಎಲ್ಲ ರಾಜ್ಯಗಳಲ್ಲಿ ಸೇರಿದ್ದು 2011ರ ಹೊತ್ತಿಗೆ. ಆದ್ದರಿಂದ ಈಗ ಗಲ್ಫ್‌ಗೆ ಹೊರಡುವ ವಯಸ್ಸಿನ ಬಹುಪಾಲು ಜನರಿಗೆ ಚಿಕ್ಕಂದಿನಲ್ಲಿ ಸಿಕ್ಕಿರಲಾರದು.

ಲಸಿಕೆಯ ಕಾರಣದಿಂದಲ್ಲ, ನಿಜವಾಗಿಯೇ ಪಾಸಿಟಿವ್ ಬಂದರೆ ಮುಂದಿನ ಪ್ರಶ್ನೆ: ಹೊಸದೋ ಹಳೆಯದೋ. ಆ್ಯಂಟಿ ಹೆಚ್‌ಬಿಸಿ ಐಜಿಎಂ ಪರೀಕ್ಷೆ ಅದನ್ನು ಹೇಳುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ತಗುಲಿದ್ದರೆ ಹೆಚ್ಚಿನವರ ದೇಹ ಆರು ತಿಂಗಳಲ್ಲಿ ತಾನೇ ಅದನ್ನು ಹೊರಹಾಕುತ್ತದೆ. ಕಾದು ಮತ್ತೆ ಪರೀಕ್ಷಿಸಿದರೆ ನೆಗೆಟಿವ್. ಹುಟ್ಟುವಾಗ ತಾಯಿಯಿಂದಲೋ ಎಳೆಯ ವಯಸ್ಸಿನಲ್ಲೋ ಬಂದದ್ದಾದರೆ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಇಂಥವರಿಗೆ ಟೆನೊಫೊವಿರ್, ಎಂಟೆಕಾವಿರ್ ಕೊಡುವುದುಂಟು. ಅವು ವೈರಸ್‌ನ ಸಂಖ್ಯೆ ಇಳಿಸಿ ಲಿವರ್ ಕಾಯುತ್ತವೆ, ಆದರೆ ಹೆಚ್‌ಬಿಎಸ್‌ಎಜಿ ನೆಗೆಟಿವ್ ಆಗುವುದು ಅಪರೂಪ. ಮೆಡಿಕಲ್ ಪಾಸ್ ಮಾಡಿಸುತ್ತೇನೆಂದು ಮಾತ್ರೆ ಕೊಡುವವರು ಇದನ್ನು ಹೇಳುವುದಿಲ್ಲ. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವ ಮದ್ದು, ಉಪ್ಪು-ಖಾರ ಬಿಡುವ ಪಥ್ಯ ನಮ್ಮ ಕಡೆ ಮನೆಮನೆಯ ಮಾತು. ಹೆಪಟೈಟಿಸ್ ಎ ತಾನಾಗಿಯೇ ವಾಸಿಯಾಗುವ ಕಾರಣ ಅದರ ಕೀರ್ತಿಯೆಲ್ಲ ಮದ್ದಿಗೆ ಹೋಗಿದೆ. ಬಿ ಗೆ ಅದನ್ನು ನಂಬಿ ಆರು ತಿಂಗಳು ಕಳೆಯಬೇಡಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಿಂದ ಇದೆ, ಪರೀಕ್ಷೆ ಮತ್ತು ಮದ್ದು ಎರಡೂ ಉಚಿತ. ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ನೆಗೆಟಿವ್ ಇದ್ದವರಿಗೆ ಲಸಿಕೆ. ರೇಜರ್, ಹಲ್ಲುಜ್ಜುವ ಬ್ರಶ್ ಬೇರೆ. ತಟ್ಟೆ ಲೋಟ ಬೇರೆ ಮಾಡುವುದು ಅನಗತ್ಯ ಅವಮಾನ.

ಪಾಸಿಟಿವ್ ಇದ್ದವರಿಗೆ ಗಲ್ಫ್ ಪೂರ್ತಿ ಮುಚ್ಚಿತೇ? ಸೌದಿ, ಕುವೈತ್ ಮುಂತಾದೆಡೆ ಎಲ್ಲ ಕೆಲಸಕ್ಕೂ ಅನ್‌ಫಿಟ್. ಯುಎಇಯಲ್ಲಿ ಮಾತ್ರ ನಿಯಮ ಬೇರೆ: ಹೆಚ್‌ಐವಿ ಮತ್ತು ಶ್ವಾಸಕೋಶದ ಕ್ಷಯದ ಪರೀಕ್ಷೆ ಎಲ್ಲರಿಗೂ, ಹೆಪಟೈಟಿಸ್ ಬಿ ಪರೀಕ್ಷೆ ಕೆಲವು ವರ್ಗಕ್ಕೆ. ಮನೆಗೆಲಸದವರು, ಆಯಾಗಳು, ಮನೆಯ ಡ್ರೈವರ್, ಶಿಶುವಿಹಾರ ಮತ್ತು ನರ್ಸರಿಯ ಸಿಬ್ಬಂದಿ, ಸಲೂನ್, ಬ್ಯೂಟಿ ಪಾರ್ಲರ್, ಹೆಲ್ತ್ ಕ್ಲಬ್‌ನಲ್ಲಿ ಕೆಲಸ ಮಾಡುವವರು ಆ ವರ್ಗಕ್ಕೆ ಸೇರುತ್ತಾರೆ. ಆಫೀಸು ಕೆಲಸದ ಅಕೌಂಟೆಂಟ್ ಸೇರುವುದಿಲ್ಲ. ಹೀಗಾಗಿ ಹೆಪಟೈಟಿಸ್ ಬಿ ಇರುವ ಒಬ್ಬರು ಸೌದಿಯ ದಮ್ಮಾಮ್‌ನ ಕೆಲಸಕ್ಕೆ ಸ್ಲಿಪ್ ತೆಗೆದು ಅನ್‌ಫಿಟ್ ಬರೆಸಿಕೊಳ್ಳುವ ಮೊದಲು ದುಬೈ ಕಡೆ ನೋಡುವುದು ಜಾಣತನ.

ಹೆಪಟೈಟಿಸ್ ಸಿ ಯದು ಚಿಕ್ಕ, ಆದರೆ ಕಹಿ ಕಥೆ. ಸೊಫೊಸ್ಬುವಿರ್ ಜೊತೆ ಡಕ್ಲಟಾಸ್ವಿರ್ 12 ವಾರ ತಿಂದರೆ ನೂರಕ್ಕೆ 90ಕ್ಕೂ ಹೆಚ್ಚು ಜನ ಪೂರ್ತಿ ಗುಣ. ಆದರೂ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಗುಣವಾಗಿದೆ ಎಂದು ತೋರಿಸುವುದು ಹೆಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಆ ವರದಿ ಜೋಪಾನ.

ಹೆಚ್‌ಐವಿ: ದಿನದ ಲೆಕ್ಕ

ಸಂಶಯದ ಸಂಪರ್ಕವಾಗಿ ಮರುವಾರವೇ ಪರೀಕ್ಷೆ ಮಾಡಿಸಿ ನೆಗೆಟಿವ್ ಎಂದು ನಿಟ್ಟುಸಿರು ಬಿಡುವುದಕ್ಕೆ ಅರ್ಥವಿಲ್ಲ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆ ಸೋಂಕನ್ನು ಹಿಡಿಯುವುದು 18ರಿಂದ 45 ದಿನಗಳ ನಡುವೆ. ಬೆರಳು ಚುಚ್ಚಿ ಮಾಡುವ ಪ್ರತಿಕಾಯದ ರ‍್ಯಾಪಿಡ್ ಕಿಟ್ 23ರಿಂದ 90 ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ.

ಒಂದು ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಅದು ಇನ್ನೂ ಫಲಿತಾಂಶವಲ್ಲ. 99.5 ಶೇಕಡಾ ನಿಖರ ಎನ್ನುವ ಪರೀಕ್ಷೆಯನ್ನು ಸೋಂಕಿಲ್ಲದ ಸಾವಿರ ಜನರಿಗೆ ಮಾಡಿದರೆ ಐದು ಜನ ಸುಳ್ಳೇ ಪಾಸಿಟಿವ್ ಆಗುತ್ತಾರೆ. ಅದಕ್ಕೇ ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪಾಸಿಟಿವ್ ಬಂದ ಮೇಲೆಯೇ ಹೇಳುವುದು. ಖಾಸಗಿ ಲ್ಯಾಬಿನ ಒಂಟಿ ವರದಿ ಹಿಡಿದು ಯಾರೂ ಮನೆಯಲ್ಲಿ ಬಾಂಬು ಹಾಕಬೇಡಿ. ಮೊದಲು ಐಸಿಟಿಸಿಗೆ ಹೋಗಿ. 2017ರ ಹೆಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವುದನ್ನೂ ವಿಷಯ ಬಯಲು ಮಾಡುವುದನ್ನೂ ತಡೆಯುತ್ತದೆ. 1097 ಉಚಿತ ಸಹಾಯವಾಣಿ, ಹೆಸರು ಹೇಳಬೇಕಿಲ್ಲ.

ಗಲ್ಫ್ ಬಗ್ಗೆ ಬಣ್ಣ ಹಚ್ಚದೆ ಹೇಳಬೇಕು. ಅಲ್ಲಿ ಕೆಲಸದ ವಾಸಕ್ಕೆ ಹೆಚ್‌ಐವಿ ಪಾಸಿಟಿವ್ ಎಂದರೆ ಅವಕಾಶವಿಲ್ಲ. ವೀಸಾ ನವೀಕರಣದ ಹೊತ್ತಿಗೆ ಪತ್ತೆಯಾದರೂ ವಾಪಸ್. ಮದ್ದು ಸರಿಯಾಗಿ ತಿಂದು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದು ವಿಜ್ಞಾನ. ಅಲ್ಲಿನ ನಿಯಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಆರ್‌ಟಿ ಮಾತ್ರೆ ತಿಂದು ವೈರಸ್ ಇಳಿಸಿದರೂ ಪ್ರತಿಕಾಯ ಹೋಗುವುದಿಲ್ಲ, ಹಾಗಾಗಿ ಪರೀಕ್ಷೆ ದಾಟುವುದಿಲ್ಲ. ಬೇರೆಯವರ ರಕ್ತ ಕೊಡಿಸಿ ಪಾಸ್ ಮಾಡಿಸುತ್ತೇನೆ ಎನ್ನುವ ದಲ್ಲಾಳಿ ನಿಮ್ಮನ್ನು ಬಜಪೆಯ ವಿಮಾನ ಹತ್ತಿಸಬಲ್ಲ, ಅಷ್ಟೇ. ಇಳಿದ ಮೇಲೆ ಅಲ್ಲಿ ವಾಸದ ಪರವಾನಗಿಗೆ ಮತ್ತೊಂದು ಮೆಡಿಕಲ್ ಇದೆ, ಅಲ್ಲಿ ನಿಮ್ಮದೇ ರಕ್ತ. ಸಿಕ್ಕಿಬಿದ್ದರೆ ಸಾಲವೂ ಮೈಮೇಲೆ, ಪಾಸ್‌ಪೋರ್ಟ್ ಮೇಲೆ ಗಡೀಪಾರಿನ ದಾಖಲೆಯೂ.

ವಾಪಸ್ ಬಂದವರು ಮುಂಬೈ, ಬೆಂಗಳೂರು ಎಂದು ಅಲೆಯಬೇಕಿಲ್ಲ. ವೆನ್ಲಾಕ್‌ನಲ್ಲೇ ಎಆರ್‌ಟಿ ಕೇಂದ್ರವಿದೆ, ಮಾತ್ರೆ ಉಚಿತ. ಹೆಚ್ಚಿನವರಿಗೆ ಮೂರು ಮದ್ದು ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ.

ಕಾಂಡೋಮ್ ಹರಿದದ್ದು, ಕಾಂಡೋಮ್ ಇಲ್ಲದೆ ಅಪರಿಚಿತ ಸಂಪರ್ಕವಾದದ್ದು ಇಂಥ ಸಂದರ್ಭಕ್ಕೆ ಹೆಚ್‌ಐವಿ ಬೇರೂರದಂತೆ ತಡೆಯುವ ಪೆಪ್ ಚಿಕಿತ್ಸೆ ಇದೆ. 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ತಿನ್ನಬೇಕು. ಸೋಮವಾರ ಓಪಿಡಿ ತೆರೆಯಲಿ ಎಂದು ಶುಕ್ರವಾರ ರಾತ್ರಿಯಿಂದ ಕಾಯುವವರು ಆ ಗಂಟೆಗಳನ್ನೇ ಕಳೆದುಕೊಳ್ಳುತ್ತಾರೆ. ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಮೆಡಿಕಲ್ ನೋಡದ ಕಾಯಿಲೆಗಳು

ಗೊನೊರಿಯಾ, ಕ್ಲಮಿಡಿಯಾ, ಹರ್ಪಿಸ್ ಇವಕ್ಕೆ ಗಲ್ಫ್ ಮೆಡಿಕಲ್‌ನಲ್ಲಿ ಸಾಮಾನ್ಯವಾಗಿ ಪರೀಕ್ಷೆ ಇಲ್ಲ. 'ಮೆಡಿಕಲ್ ಪಾಸ್' ಎಂದರೆ 'ಗುಪ್ತರೋಗ ಯಾವುದೂ ಇಲ್ಲ' ಎಂದಲ್ಲ. ಉರಿಮೂತ್ರ, ಕೀವು ಸೋರುವುದು, ಹುಣ್ಣು, ತೊಡೆಸಂದಿಯಲ್ಲಿ ಗಡ್ಡೆ, ವಾಸನೆಯ ಬಿಳಿಸೆರಗು ಇದ್ದರೆ ಔಷಧಿ ಅಂಗಡಿಗೆ ಹೋಗಿ 'ಯೂರಿನ್ ಇನ್‌ಫೆಕ್ಷನ್‌ಗೆ ಏನಾದರೂ ಕೊಡಿ' ಎನ್ನುವುದು ರೂಢಿ. ಅಂಗಡಿಯವರು ಮೂರು ಅಜಿತ್ರೋಮೈಸಿನ್ ಮಾತ್ರೆ ಕೊಡುತ್ತಾರೆ, ಸೋರುವುದು ನಿಲ್ಲುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಗೊನೊರಿಯಾ ಒಂದರ ಮೇಲೊಂದು ಮದ್ದಿಗೆ ಬಗ್ಗದೆ ಬೆಳೆದದ್ದು ಇಂಥ ಅರೆಬರೆ ಚಿಕಿತ್ಸೆಯಿಂದಲೂ ಹೌದು.

ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇದೆ. ಅಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್ ಕೊಡುವ ಪದ್ಧತಿ: ಸೋರುವುದಕ್ಕೆ ಬೂದು ಬಣ್ಣದ ಕಿಟ್, ಅದರಲ್ಲಿ ಅಜಿತ್ರೋಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ, ಸಿಫಿಲಿಸ್ ಮಾದರಿಯ ಹುಣ್ಣಿಗೆ ಬಿಳಿ ಕಿಟ್, ಅದರಲ್ಲಿ ಬೆಂಜಥೀನ್ ಪೆನಿಸಿಲಿನ್ ಮತ್ತು ಅಜಿತ್ರೋಮೈಸಿನ್, ಗುಳ್ಳೆಗಳ ಹರ್ಪಿಸ್‌ಗೆ ಕೆಂಪು ಕಿಟ್, ಏಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಮೂರರಂತೆ ಏಳು ದಿನ. ಪತ್ನಿ ಅಥವಾ ಸಂಗಾತಿಗೂ ಅದೇ ಹೊತ್ತಿಗೆ ಚಿಕಿತ್ಸೆ ಆಗಬೇಕು, ಏಳು ದಿನ ಸಂಪರ್ಕ ಬೇಡ. ಒಬ್ಬರಿಗೆ ಮಾತ್ರ ಮದ್ದಾದರೆ ಪಿಂಗ್‌ಪಾಂಗ್ ಚೆಂಡಿನಂತೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಲ್ಯಾಬಿನಲ್ಲಿ ಗೊನೊರಿಯಾ, ಕ್ಲಮಿಡಿಯಾಗೆ ನ್ಯಾಟ್ ಪರೀಕ್ಷೆ (ಮೂತ್ರದಲ್ಲಿ ರೋಗಾಣುವಿನ ವಂಶವಾಹಿ ಹುಡುಕುವುದು) ಮಾಡಿಸುವುದಾದರೆ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲ 20-30 ಎಂಎಲ್ ಮಾತ್ರ ಡಬ್ಬಿಗೆ ಹಿಡಿಯಬೇಕು. ಉಳಿದ ಮೂತ್ರ ಪರೀಕ್ಷೆಗಳಿಗೆ ನಡುವಿನ ಧಾರೆ ಬೇಕು, ಇದಕ್ಕೆ ತದ್ವಿರುದ್ಧ. ಬಹಳ ಜನ ಇಲ್ಲೇ ತಪ್ಪುತ್ತಾರೆ.

ಇನ್ನೊಂದು ಎಚ್ಚರಿಕೆ ಹರ್ಪಿಸ್ ಬಗ್ಗೆ. ಗುಪ್ತಾಂಗದ ಗುಳ್ಳೆಗಳಿಗೆ 'ಸರ್ಪಸುತ್ತು' ಎಂದು ಮನೆಮದ್ದು ಹಚ್ಚಿ, ಮಂತ್ರ ಹಾಕಿಸಿ ಕೂರುವವರಿದ್ದಾರೆ. ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತದೆ, ಅದು ಹಳೆಯ ಕೋಟಲೆಯ, ಅಂದರೆ ಚಿಕನ್‌ಪಾಕ್ಸ್‌ನ, ವೈರಸ್. ಗುಪ್ತಾಂಗದಲ್ಲಿ ಮತ್ತೆ ಮತ್ತೆ ಅದೇ ಜಾಗದಲ್ಲಿ ಬರುವ ಗುಳ್ಳೆ ಬೇರೆ ವೈರಸ್.

ಕಾಂಡೋಮ್ ಬಗ್ಗೆ ಕರಾವಳಿಯವರಿಗೆ ಒಂದು ವಿಶೇಷ ಸೂಚನೆ: ತೆಂಗಿನೆಣ್ಣೆ ಬೇಡ. ಲ್ಯಾಟೆಕ್ಸ್ ಕಾಂಡೋಮ್ ಎಣ್ಣೆ ತಾಗಿದ ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ವ್ಯಾಸಲಿನ್, ಬೇಬಿ ಆಯಿಲ್ ಕೂಡ ಹಾಗೇ. ಬೇಕಿದ್ದರೆ ನೀರಿನ ಆಧಾರದ ಜೆಲ್ಲಿ. ಪರ್ಸಿನಲ್ಲಿಟ್ಟು ಕುಳಿತು ಕುಳಿತು ಸವೆದದ್ದು, ಗಲ್ಫ್‌ನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಬೆಂದದ್ದು ನಂಬಲರ್ಹವಲ್ಲ. ಸರಿಯಾಗಿ ಬಳಸಿದರೂ ಅದು ಮುಚ್ಚದ ಭಾಗದಲ್ಲಿ ಇರುವ ಸಿಫಿಲಿಸ್ ಹುಣ್ಣು, ಹರ್ಪಿಸ್, ಹೆಚ್‌ಪಿವಿ (ಗುಪ್ತಾಂಗದ ನರುಲಿಯ ವೈರಸ್) ದಾಟಬಹುದು.

ಮೆಡಿಕಲ್ ದಿನ

ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಮೂತ್ರದಲ್ಲಿ ರಕ್ತ ಕಂಡು ಮರುಪರೀಕ್ಷೆಗೆ ಕರೆಯುತ್ತಾರೆ. ಗರ್ಭಿಣಿ ಇರಬಹುದೆಂಬ ಸಂಶಯವಿದ್ದರೆ ಎಕ್ಸ್‌ರೇ ಮೊದಲೇ ಹೇಳಿ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಗಾಯದ ಗುರುತು ಇದ್ದರೂ ಗಲ್ಫ್ ನಿಯಮದಲ್ಲಿ ತೊಂದರೆ, ಅದಕ್ಕೇ ಎಕ್ಸ್‌ರೇಯನ್ನೂ ಊರಿನಲ್ಲೇ ಮೊದಲು ತೆಗೆಸಿ ನೋಡುವುದು. ಜ್ವರ ಬಂದು ಹೋದ ವಾರ, ಯಾವುದೇ ಲಸಿಕೆ ಹಾಕಿಸಿದ ವಾರ ಬಿಟ್ಟುಬಿಡಿ; ಹೆಪಟೈಟಿಸ್ ಬಿ ಲಸಿಕೆಯಾದರೆ ಮೇಲೆ ಹೇಳಿದಂತೆ ಒಂದು ತಿಂಗಳು. ಹಿಂದಿನ ರಾತ್ರಿ ಮದ್ಯ ಬೇಡ, ಲಿವರ್ ಅಂಕಿ ಏರುತ್ತದೆ.

ಬೇರೆ ದೇಶಗಳು ಇಷ್ಟು ಬಿಗಿಯಿಲ್ಲ

ಅಮೆರಿಕಕ್ಕೆ ವಲಸೆ ವೀಸಾದಲ್ಲಿ ಹೋಗುವವರಿಗೆ, ಅಂದರೆ ಗ್ರೀನ್ ಕಾರ್ಡ್‌ನವರಿಗೆ, ಕಾನ್ಸುಲೇಟ್ ಒಪ್ಪಿದ ಪ್ಯಾನೆಲ್ ವೈದ್ಯರಲ್ಲಿ ಮೆಡಿಕಲ್. ಎಚ್-1ಬಿ, ವಿದ್ಯಾರ್ಥಿ ವೀಸಾಗೆ ಸಾಮಾನ್ಯವಾಗಿ ಇಲ್ಲ. 18ರಿಂದ 44 ವಯಸ್ಸಿನವರಿಗೆ ಸಿಫಿಲಿಸ್, 18ರಿಂದ 24ರವರಿಗೆ ಗೊನೊರಿಯಾ ಪರೀಕ್ಷೆ. ಪಾಸಿಟಿವ್ ಬಂದರೆ ಕಥೆ ಮುಗಿಯುವುದಿಲ್ಲ. ಚಿಕಿತ್ಸೆ ಪಡೆದು ಕಾಗದ ಕೊಟ್ಟರೆ ವೀಸಾ ನಡೆಯುತ್ತದೆ. ಮೇಲೆ ಹೇಳಿದ ಸಿಫಿಲಿಸ್ ಫೈಲ್ ಕೆಲಸಕ್ಕೆ ಬರುವುದು ಇಲ್ಲಿ. ಹೆಚ್‌ಐವಿಯನ್ನು 2010ರ ಜನವರಿ 4ರಿಂದಲೇ ಪಟ್ಟಿಯಿಂದ ತೆಗೆದಿದ್ದಾರೆ. ಕೆನಡಾ 15 ವರ್ಷ ದಾಟಿದವರಿಗೆ ಹೆಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತದೆ, ಆದರೆ ಹೆಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದಿಲ್ಲ. ಬ್ರಿಟನ್‌ಗೆ ಆರು ತಿಂಗಳಿಗಿಂತ ಹೆಚ್ಚಿನ ವೀಸಾಗೆ ಭಾರತದಿಂದ ಬೇಕಾದ್ದು ಕ್ಷಯದ ಪರೀಕ್ಷೆ ಮಾತ್ರ. ಹಡಗಿನ ಕೆಲಸಕ್ಕೆ ಹೋಗುವವರಿಗೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ನೌಕಾಯಾನ ಇಲಾಖೆ) ಒಪ್ಪಿದ ವೈದ್ಯರ ಸರ್ಟಿಫಿಕೇಟ್. ಅದರ ಮೇಲೆ ಕ್ರೂಸ್ ಕಂಪೆನಿಗಳು ತಮ್ಮದೇ ಪಟ್ಟಿ ಕೊಡುತ್ತವೆ.

ರಜೆಯಲ್ಲಿ ಊರಿಗೆ ಬಂದವರಿಗೆ

ಅಲ್ಲಿ ಸಂಶಯದ ಸಂಪರ್ಕವಾಗಿದ್ದರೆ ಊರಿಗೆ ಬಂದ ಮರುದಿನವೇ ಪರೀಕ್ಷೆ, ಸಂಪರ್ಕ ಇತ್ತೀಚಿನದಾದರೆ ಮೇಲೆ ಹೇಳಿದ ಮೂರು ತಿಂಗಳ ಮರುಪರೀಕ್ಷೆಯ ವರದಿ ಬರುವವರೆಗೆ ಕಾಂಡೋಮ್. ಸಿಫಿಲಿಸ್‌ನ ಮೊದಲ ಹುಣ್ಣಿಗೆ ನೋವೇ ಇರುವುದಿಲ್ಲ, ಮದ್ದಿಲ್ಲದೆ ಒಣಗಿಯೂ ಹೋಗುತ್ತದೆ. ವಾಸಿಯಾಯಿತೆಂದು ತಿಳಿದವರಿಂದ ಹೆಂಡತಿಗೆ, ಹೆಂಡತಿ ಗರ್ಭಿಣಿಯಾದರೆ ಮಗುವಿಗೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಚ್‌ಐವಿ, ಸಿಫಿಲಿಸ್ ಎರಡನ್ನೂ ಮೊದಲ ಭೇಟಿಯಲ್ಲೇ ನೋಡುತ್ತಾರೆ; ಹೆಂಡತಿಗೆ ಪಾಸಿಟಿವ್ ಬಂದಾಗ ಗಂಡ ಫೋನ್ ಎತ್ತದಿರುವುದು ಅಪರೂಪವಲ್ಲ.

ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದ ಎಂಪಾಕ್ಸ್ ವಿಷಯದಲ್ಲೂ ನಮ್ಮ ವಿಮಾನ ನಿಲ್ದಾಣ ದೂರದ್ದಲ್ಲ. 2022ರ ಜುಲೈಯಲ್ಲಿ ದೇಶದ ಎರಡನೇ ಪ್ರಕರಣವಾಗಿ ಕೇರಳದಲ್ಲಿ ದೃಢಪಟ್ಟವರು ದುಬೈನಿಂದ ಬಂದಿಳಿದದ್ದು ಮಂಗಳೂರಿನಲ್ಲಿ. ಸಂಪರ್ಕವಾಗಿ 3ರಿಂದ 21 ದಿನದೊಳಗೆ ಜ್ವರ, ಗಂಟಲು ಅಥವಾ ತೊಡೆಸಂದಿಯ ಗಡ್ಡೆ, ನಡುವೆ ಕುಳಿಯಿರುವ ಗಟ್ಟಿ ಗುಳ್ಳೆಗಳು ಬಂದರೆ ಮನೆಯವರಿಂದ ದೂರವಿದ್ದು ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಹೋಗಿ.

ಅಲ್ಲಿ ಇಳಿದ ಮೇಲೆ ಅನ್‌ಫಿಟ್ ಆದವರಿಗೆ ಒಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ಹತ್ತನೇ ಕ್ಲಾಸ್ ಪಾಸಾಗದ ಕಾರಣ ಇಸಿಆರ್ ಪಾಸ್‌ಪೋರ್ಟ್ (ಕೆಲಸಕ್ಕೆ ಹೊರಡಲು ಸರ್ಕಾರದ ವಲಸೆ ಅನುಮತಿ ಬೇಕಾದದ್ದು) ಇರುವವರು ಹೊರಡುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ 10 ಲಕ್ಷ ಎನ್ನುವುದಷ್ಟೇ ಎಲ್ಲರಿಗೂ ಗೊತ್ತು. ಮೊದಲ 12 ತಿಂಗಳಲ್ಲಿ ವೈದ್ಯಕೀಯವಾಗಿ ಅನರ್ಹ ಎಂದು ಮಾಲೀಕರು ಕರಾರು ಮುರಿದು ಕಳಿಸಿದರೆ ಊರಿಗೆ ಬರುವ ಎಕಾನಮಿ ಟಿಕೆಟ್‌ನ ಹಣವನ್ನೂ ಅದು ಕೊಡುತ್ತದೆ. ಕ್ಲೇಮ್ ಮಾಡಲು ಪಾಲಿಸಿ ನಂಬರ್, ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್, ಅನ್‌ಫಿಟ್ ವರದಿ, ಕರಾರು ರದ್ದಾದ ಕಾಗದ ಬೇಕಾಗುತ್ತವೆ. ಕೊನೆಯ ಎರಡು ಅಲ್ಲಿಂದ ಹೊರಡುವ ಮೊದಲೇ ಕೈಗೆ ಬರಬೇಕು. ವಿಮಾನ ಹತ್ತಿದ ಮೇಲೆ ಕಂಪೆನಿಯ ಆಫೀಸಿನಿಂದ ತರಿಸುವುದು ತೀರಾ ಕಷ್ಟ. ಕೊಡದೆ ಸತಾಯಿಸಿದರೆ ಭಾರತೀಯ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ಅಲ್ಲಿಂದಲೇ ಲಿಖಿತ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಂಡು ಹೊರಡಿ.